ಬೆಳ್ಳಂದೂರು ಕೆರೆ: ನೊರೆಯ ಬೇರು ಹೂಳಿನಲ್ಲಿದೆ

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ನೀರು ಚಿಮುಕಿಸಿ ಅಡಗಿಸುವುದು ಪರಿಹಾರವಲ್ಲ. ಸೋಪು, ಡಿಟರ್ಜೆಂಟ್‌ಗಳ ನೊರೆಕಾರಕ ಅಂಶ ಕೊಳಚೆ ನೀರಿನೊಂದಿಗೆ ಬಂದು ತಳದ ಹೂಳಿನಲ್ಲಿ ಶೇಖರವಾಗುತ್ತದೆ, ಜೋರು ಮಳೆಗೆ ಹೂಳು ಕದಡಿದಾಗ ಮತ್ತೆ ಮೇಲೇಳುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಮಳೆ ಬಂದರೆ ಕೊಳೆ ತೊಳೆದುಹೋಗುತ್ತದೆ ಎಂದು ನಂಬಿದ್ದ ನಮಗೆ ಇದು ಕಣ್ತೆರೆಸುವ ಮಾತು. ಮಳೆಯ ಮರುದಿನ ಕೋಡಿಯ ಬಳಿ ನೊರೆ ಗಾಳಿಗೆ ಹಾರಿ ಬೈಕ್ ಸವಾರರ ಮುಖಕ್ಕೆ ಬಡಿಯುವುದನ್ನು, ಅವರು ಕಣ್ಣುಜ್ಜಿಕೊಂಡು ರಸ್ತೆ ಬದಿಗೆ ನಿಲ್ಲುವುದನ್ನು ಕಂಡಿದ್ದೇನೆ. 2017ರಲ್ಲಿ ಇದೇ ಕೆರೆಯಲ್ಲಿ ಬೆಂಕಿಯೂ ಹೊತ್ತಿಕೊಂಡಿತ್ತು. ಒಂದೆಡೆ ಹೂಳೆತ್ತುತ್ತಾ ಇನ್ನೊಂದೆಡೆ ಕೊಳಚೆ ಹರಿಯಬಿಟ್ಟರೆ ಫಲವಿಲ್ಲ. ಕೆರೆಗೆ ಸೇರುವ ಪ್ರತಿ ರಾಜಕಾಲುವೆಯ ನೀರನ್ನೂ ಮೊದಲು ಶುದ್ಧೀಕರಿಸಬೇಕು. ಹೂಳೆತ್ತುವ ಕೆಲಸವನ್ನು ಮುಂಗಾರಿಗೆ ಮುನ್ನ ಮುಗಿಸಲು ಅಧಿಕಾರಿಗಳು ಗಡುವು ನಿಗದಿಪಡಿಸಲಿ.

– ಓದುಗ, ಬೆಂಗಳೂರು