ಬಿರುಕು ಬಿಟ್ಟ ಬೆಟ್ಟದಿಂದ ಮಗಳಿಗೊಂದು ಪತ್ರ

ಚಿನ್ನು,

ಇಲ್ಲಿ ಹೋಟೆಲಿನ ವೈಫೈಯಲ್ಲಿ ವಾಟ್ಸಾಪ್ ತೆರೆಯುವುದೇ ಇಲ್ಲ. ಅಮ್ಮನಿಗೆ ಒಂದು ಎಸ್ಸೆಮ್ಮೆಸ್ ಹಾಕಿ, ಕ್ಷೇಮವಾಗಿದ್ದೇನೆ ಅಂತ ತಿಳಿಸಿದ್ದಾಯಿತು. ಉಳಿದದ್ದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವಂಥದ್ದಲ್ಲ. ಅದಕ್ಕೇ ಕೆಳಗೆ ಕೌಂಟರಿನ ಹುಡುಗಿ ಹತ್ತಿರ ನಾಲ್ಕು ಹಾಳೆ ಇಸ್ಕೊಂಡು ಬಂದು ಕೂತಿದ್ದೇನೆ. ಎರಡೂ ಕಾಲು ಬಿಸಿನೀರಿನ ಬಕೆಟ್‌ನಲ್ಲಿವೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ನಗಬಾರದು.

ಶಿಯಾಮೆನ್ನಿನ ಕಲ್ಲಿನ ಮೇಳ ಮುಗಿದ ಕೂಡಲೇ ಪ್ರತಿ ವರ್ಷ ಸೀದಾ ಮನೆಗೆ ಬಂದುಬಿಡುತ್ತಿದ್ದೆ. ಹತ್ತು ವರ್ಷದಿಂದ ಚೀನಾಕ್ಕೆ ಬರುತ್ತಿದ್ದರೂ ನಾನು ನೋಡಿದ್ದು ಮೇಳದ ಹಾಲ್, ಹೋಟೆಲು ರೂಮು, ಶುಯ್‌ಟೌ ಊರಿನ ಕಲ್ಲು ಕುಯ್ಯುವ ಕಾರ್ಖಾನೆಗಳು, ಅಷ್ಟೇ. ಮೇ ತಿಂಗಳಿಂದ ನೀನು ಆರು ತಿಂಗಳು ಶಾಂಘೈಯಲ್ಲಿ ಇರುತ್ತೀಯ ಅಂತ ಗೊತ್ತಾದ ಮೇಲೆ, ನಿನಗಿಂತ ಮೊದಲು ನಾನೊಂದು ಜಾಗ ನೋಡಿಟ್ಟಿರೋಣ ಅನ್ನಿಸಿತು. ನಮ್ಮ ಗ್ರಾನೈಟ್ ಬ್ಲಾಕ್ ಕೊಳ್ಳುವವರೊಬ್ಬರು "ಕಲ್ಲಿನವನು ನೀನು, ಹುವಾಂಗ್‌ಶಾನ್ ನೋಡದೆ ಹೋಗ್ತೀಯಾ?" ಅಂತ ಬೈದರು. ಹಾಗಾಗಿ ಇಲ್ಲಿಗೆ ಬಂದೆ. ಆನ್ಹುಯಿ ಪ್ರಾಂತ್ಯದ ದಕ್ಷಿಣದ ತುದಿ. ಬೆಟ್ಟದ ಬುಡದ ಈ ಊರಿನ ಹೆಸರು ಟಾಂಗ್‌ಕೌ.

ಶಿಯಾಮೆನ್ನಿನಿಂದ ಬುಲೆಟ್ ರೈಲಿನಲ್ಲಿ ನಾಲ್ಕೈದು ಗಂಟೆ. ದಾರಿಯಲ್ಲಿ ವುಯುವಾನ್ ಅಂತ ಒಂದು ಸೀಮೆ ಸಿಗುತ್ತದೆ. ಮಾರ್ಚ್‌ನಲ್ಲಿ ಅಲ್ಲಿ ಗದ್ದೆಯೆಲ್ಲ ಹಳದಿ. ನಮ್ಮ ಸಾಸಿವೆ ಜಾತಿಯ ಎಣ್ಣೆಬೀಜದ ಹೂವು. ಇಡೀ ಬೋಗಿಯ ಜನ ಕಿಟಕಿಗೆ ಫೋನ್ ಒತ್ತಿ ಹಿಡಿದರು, ನಾನೂ ಹಿಡಿದೆ. ಗಂಟೆಗೆ 300 ಕಿಲೋಮೀಟರ್ ಹತ್ತಿರ ಓಡುವ ರೈಲು, ಫೋಟೋದಲ್ಲಿ ಬಂದದ್ದು ಬರೀ ಹಳದಿ ಗೆರೆ.

ಹುವಾಂಗ್‌ಶಾನ್ ಅಂದರೆ ಹಳದಿ ಬೆಟ್ಟ. ಬೆಟ್ಟದಲ್ಲಿ ಮಾತ್ರ ಹಳದಿ ಎಲ್ಲೂ ಇಲ್ಲ. ಹಿಂದೆ ಇದಕ್ಕೆ ಯಿಶಾನ್ ಅಂತಿದ್ದರಂತೆ. 747ರಲ್ಲಿ ಟಾಂಗ್ ವಂಶದ ದೊರೆ, ಪುರಾಣದ ಹಳದಿ ಚಕ್ರವರ್ತಿಯ ಹೆಸರನ್ನು ಬೆಟ್ಟಕ್ಕೆ ಇಟ್ಟ. 1990ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಎತ್ತರ ಭಾರಿ ಏನಲ್ಲ. ಎಲ್ಲಕ್ಕಿಂತ ಎತ್ತರದ್ದು ಕಮಲ ಶಿಖರ, 1864 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ ಇದಕ್ಕಿಂತ ಒಂದಿಷ್ಟು ಎತ್ತರ. ಆದರೆ ಮುಳ್ಳಯ್ಯನಗಿರಿ ಹುಲ್ಲು ಹೊದ್ದು ಮಲಗಿದೆ. ಇದು ನೆಟ್ಟಗೆ ನಿಂತಿದೆ.

ಕೇಬಲ್ ಕಾರ್‌ನಲ್ಲಿ ಮೇಲೆ ಹೋಗಿ ಇಳಿದವನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಪಕ್ಕದ ಬಂಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ್ದು. ಬೆಣಚು, ಕಾಗೆಬಂಗಾರ, ನಸುಗೆಂಪು ಹರಳು. ಅಪ್ಪಟ ಗ್ರಾನೈಟ್. ಹಿಂದೆ ಬರುತ್ತಿದ್ದ ಹೆಂಗಸೊಬ್ಬರು ನಾನು ಪೂಜೆ ಮಾಡುತ್ತಿದ್ದೇನೆ ಅಂದುಕೊಂಡು ಸುಮ್ನೆ ನಿಂತು ಕಾದರು. ಈ ಕಲ್ಲಿಗೆ 12-13 ಕೋಟಿ ವರ್ಷ. ನಮ್ಮ ರಾಮನಗರದ ಬಂಡೆಗೆ ಸುಮಾರು 250 ಕೋಟಿ. ಲೆಕ್ಕಕ್ಕೆ ಹಿಡಿದರೆ ಇದು ನಮ್ಮದರ ಮುಂದೆ ಮೊನ್ನೆ ಹುಟ್ಟಿದ ಮಗು. ನಮ್ಮದು ಮಳೆಗಾಳಿಗೆ ಸವೆದು ಸವೆದು ಗುಂಡಗಾಗಿ ಕೂತಿದೆ. ಇದಿನ್ನೂ ಮೂಳೆ ಮೂಳೆ ಹುಡುಗ.

ಈಗ ನಿನಗೆ ಹೇಳಬೇಕು ಅಂತ ಕೂತ ಮಾತಿಗೆ ಬರುತ್ತೇನೆ.

ಚಿಕ್ಕವಳಿದ್ದಾಗ ನನ್ನ ಜೊತೆ ಯಾರ್ಡಿಗೆ ಬರುತ್ತಿದ್ದೆ, ನೆನಪಿದೆಯಾ? ಕೊಳ್ಳುವವನು ಬಂದ ತಕ್ಷಣ ಬ್ಲಾಕ್ ಮೇಲೆ ನೀರು ಹುಯ್ಯಿಸುತ್ತಿದ್ದ. ನೀನು ಪೈಪ್ ಹಿಡಿಯಲು ಜಗಳ ಮಾಡುತ್ತಿದ್ದೆ. ಕಲ್ಲಿಗೆ ಸ್ನಾನ ಮಾಡಿಸೋದಕ್ಕಲ್ಲ ಅದು. ನೀರು ಹಾಕಿದರೆ ಮೈಯೆಲ್ಲ ಒಂದೇ ಸಮ ಕಪ್ಪಾಗುತ್ತದೆ. ಬಿಸಿಲಿಗೆ ಮೈ ಒಣಗುತ್ತ ಬರುವಾಗ, ಬಿರುಕು ಇದ್ದ ಕಡೆ ಮಾತ್ರ ನೀರು ಒಳಗೆ ಕೂತಿರುತ್ತದೆ. ಕೂದಲೆಳೆಯಷ್ಟು ಸಣ್ಣ ಒದ್ದೆ ಗೆರೆ ಎದ್ದು ಕಾಣುತ್ತದೆ. ಆ ಗೆರೆ ಕಂಡಿತೋ, ರೇಟು ಅರ್ಧ. ಎರಡು ಗೆರೆ ಕಂಡರೆ ಬ್ಲಾಕ್ ಜಲ್ಲಿಗೆ. ಮೂವತ್ತು ವರ್ಷ ನಾನು ಆ ಗೆರೆಗೆ ಹೆದರಿಕೊಂಡೇ ಬದುಕಿದ್ದೇನೆ.

ಇಲ್ಲಿ ಮೊದಲ ದಿನ ಮಧ್ಯಾಹ್ನ ಮಳೆ ಹೊಡೆಯಿತು. ನಿಂತ ಮೇಲೆ ಬೆಟ್ಟದ ಹಿಂಭಾಗದಲ್ಲಿ, ಬೇಹಾಯ್ ಅನ್ನುವ ಕಡೆ, ಎದುರಿನ ಬಂಡೆ ಒಣಗುವುದನ್ನು ನೋಡುತ್ತಾ ಕೂತೆ. ಮೇಲಿನಿಂದ ಕೆಳಗಿನವರೆಗೆ ಗೆರೆ, ಪಕ್ಕದಲ್ಲಿ ಇನ್ನೊಂದು ಗೆರೆ, ಮಧ್ಯೆ ಅಡ್ಡ ಗೆರೆ. ಇಡೀ ಬೆಟ್ಟದಲ್ಲಿ ಒಂದು ಒಳ್ಳೆ ಬ್ಲಾಕ್ ಸಿಗುವುದಿಲ್ಲ! ನನ್ನ ಯಾರ್ಡಿನ ಲೆಕ್ಕದಲ್ಲಿ ಪೂರ್ತಿ ರಿಜೆಕ್ಟ್ ಮಾಲು. ಆದರೆ ಜನ ಅಷ್ಟು ದೂರದಿಂದ ನೋಡಲು ಬರುವುದು ಆ ಗೆರೆಗಳು ಮಾಡಿದ ಕೆಲಸವನ್ನೇ. ನೀರು ಬಿರುಕಿಗಿಳಿದು, ಚಳಿಗಾಲದಲ್ಲಿ ಹಿಮವಾಗಿ ಹಿಗ್ಗಿ, ಸೀಳಿ ಸೀಳಿ ಕಂಬ ಮಾಡಿದೆ. ನಾವು ಸಾಲಾಗಿ ತೂತು ಕೊರೆದು ಉಳಿ ಹೊಡೆದು ಸೀಳುವುದೂ ಅದೇ ಕೆಲಸ ತಾನೆ, ನಮಗೆ ಆತುರ ಜಾಸ್ತಿ ಅಷ್ಟೇ.

ನೀನು ಹೋದಾಗ ಒಂದು ಗಮನಿಸು. ದಕ್ಷಿಣದ ಕಡೆ, ಅಂದರೆ ಇವರು ಮುಂದಿನ ಬೆಟ್ಟ ಅನ್ನುವ ಕಡೆ, ಬಿರುಕುಗಳು ದೂರ ದೂರ. ಹಾಗಾಗಿ ಅಲ್ಲಿಯ ಶಿಖರಗಳು ದಪ್ಪ, ದುಂಡಗೆ, ನಮ್ಮ ಸಾವನದುರ್ಗದ ನೆಂಟರ ಹಾಗೆ. ಹಿಂದಿನ ಬೆಟ್ಟದಲ್ಲಿ ಬಿರುಕು ಒತ್ತೊತ್ತಾಗಿ, ನೆಟ್ಟಗೆ ಇಳಿದಿವೆ. ಅಲ್ಲಿ ಬೆಟ್ಟವೇ ಊದುಬತ್ತಿ ಕಟ್ಟು ಬಿಚ್ಚಿ ನಿಲ್ಲಿಸಿದ ಹಾಗಿದೆ. ಗೈಡ್‌ಗಳು ಅದು ಹೇಳುವುದಿಲ್ಲ. ಇದು ಕೋತಿ, ಇದು ಆಮೆ, ಇದು ಮುದುಕ ಅಂತ ಕಲ್ಲುಗಳ ಹೆಸರು ಕೂಗುತ್ತಾ ಹೋಗುತ್ತಾರೆ. ಕೋತಿ ಏನೋ ಕೋತಿ ಹಾಗೇ ಇದೆ, ಒಪ್ಪಿದೆ. ಮುದುಕ ನನಗೆ ಕಾಣಲಿಲ್ಲ.

ಫೇಯ್‌ಲಾಯ್ ಶಿ, ಅಂದರೆ ಹಾರಿ ಬಂದ ಕಲ್ಲು, ಅದನ್ನು ಮಾತ್ರ ಬಿಡಬೇಡ. 12 ಮೀಟರ್ ಎತ್ತರದ ಬಂಡೆ, ಶಿಖರದ ಅಂಚಿನಲ್ಲಿ ತುದಿಗಾಲಲ್ಲಿ ನಿಂತಂತೆ ನಿಂತಿದೆ. ತೂಕ ಸುಮಾರು 360 ಟನ್ ಅನ್ನುತ್ತಾರೆ. ನಮ್ಮ ಟ್ರೇಲರ್ ಲೆಕ್ಕದಲ್ಲಿ ಹದಿನೈದು ಲೋಡು. ಹಾರಿ ಬಂದಿಲ್ಲ, ಅಲ್ಲೇ ಇತ್ತು. ಸುತ್ತಲಿನದ್ದು ಬಿರುಕು ಬಿಟ್ಟು ಉರುಳಿ ಹೋಗಿದೆ, ಇದು ಉಳಿದಿದೆ.

ಇನ್ನು ಪೈನ್ ಮರಗಳು. ಮಣ್ಣೇ ಇಲ್ಲದ ಕಡೆ ಬಿರುಕಿಗೆ ಬೇರು ತೂರಿಸಿ ನಿಂತಿವೆ. ಗಾಳಿಗೆ ತಲೆ ಚಪ್ಪಟೆ, ಕೊಂಬೆಯೆಲ್ಲ ಒಂದೇ ಕಡೆಗೆ. ಯುಪಿಂಗ್ ಕಡೆ ಯಿಂಗ್‌ಕೆ ಸೋಂಗ್ ಅಂತ ಒಂದು ಮರ ಇದೆ, ಅತಿಥಿಗಳನ್ನು ಕರೆಯುವ ಪೈನ್. ಒಂದು ಉದ್ದ ಕೊಂಬೆಯನ್ನು "ಬನ್ನಿ ಬನ್ನಿ" ಅನ್ನುವ ಹಾಗೆ ಚಾಚಿದೆ. ಅದನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬ ಕಾವಲುಗಾರ, 1980ರ ದಶಕದಿಂದ ಒಬ್ಬರಾದ ಮೇಲೆ ಒಬ್ಬರು. ಕೊಂಬೆ, ಸೂಜಿ ಎಲೆ, ಊರುಗೋಲು ಎಲ್ಲ ನೋಡಿ ದಿನಾ ಪುಸ್ತಕದಲ್ಲಿ ಬರೆದಿಡಬೇಕು. ಅಲ್ಲಿ ಫೋಟೋಗೆ ನೂಕುನುಗ್ಗಲು. ನನಗೆ ಆ ಮರಕ್ಕಿಂತ ಹೆಸರಿಲ್ಲದ ಮರಗಳೇ ಹಿಡಿಸಿದವು.

ಬೆಟ್ಟದ ಮೇಲೆ ಒಂದು ರಾತ್ರಿ ಉಳಿಯಲೇಬೇಕು. ದುಬಾರಿ. ಆದರೆ ಬೈಕೊಂಡಾದರೂ ಕೊಡು. ಬೆಳಗ್ಗೆ ಬಂದು ಸಂಜೆ ಇಳಿಯುವವರಿಗೆ ಬೆಟ್ಟ ಸಿಗುವುದಿಲ್ಲ, ಕ್ಯೂ ಸಿಗುತ್ತದೆ. ಯಾಕೆ ದುಬಾರಿ ಅಂತ ಮೆಟ್ಟಿಲ ಮೇಲೆ ಅರ್ಥವಾಯಿತು. ಅಕ್ಕಿ, ತರಕಾರಿ, ನೀರಿನ ಬಾಟಲಿ ಅಡ್ಡೆ ಹೊತ್ತವರ ಹೆಗಲ ಮೇಲೆ ಹತ್ತುತ್ತವೆ. ಒಬ್ಬರು ನನ್ನ ಪಕ್ಕದಲ್ಲೇ ನಿಂತರು. ನನ್ನ ವಯಸ್ಸೇ ಇರಬೇಕು. ಅಡ್ಡೆಯ ಎರಡೂ ತುದಿಗೆ ಕ್ಯಾಬೇಜ್ ಚೀಲ. ಕೈಯಲ್ಲಿದ್ದ ದೊಣ್ಣೆಯನ್ನು ಅಡ್ಡೆಯ ಕೆಳಗೆ ಆನಿಸಿ, ಭಾರವನ್ನೆಲ್ಲ ಅದಕ್ಕೆ ಬಿಟ್ಟು, ಹೆಗಲು ಮಾತ್ರ ಹೊರಗೆ ಎಳೆದುಕೊಂಡು ಉಸಿರು ಬಿಟ್ಟರು. ಕೆಳಗಿಡುವುದಿಲ್ಲ, ಇಟ್ಟರೆ ಮತ್ತೆ ಎತ್ತುವುದು ಕಷ್ಟ. ನಾನು ಅಮ್ಮ ಕೊಟ್ಟ ಹುರಿಗಾಳು ಚಾಚಿದೆ. ಒಂದು ಹಿಡಿ ತೆಗೆದುಕೊಂಡು, ಮೂಸಿ ನೋಡಿ, ಬಾಯಿಗೆ ಹಾಕಿ, ಹೆಬ್ಬೆರಳು ಎತ್ತಿ ಹೊರಟರು.

ಸೂರ್ಯೋದಯ? ಕಾಣಲಿಲ್ಲ. ಐದು ಗಂಟೆಗೆ ಎದ್ದು ಹೋಟೆಲಿನ ದಪ್ಪ ಜಾಕೆಟ್ ಹಾಕಿಕೊಂಡು ನೂರಾರು ಜನರ ಜೊತೆ ಬಿಳೀ ಗೋಡೆ ನೋಡುತ್ತಾ ನಿಂತಿದ್ದೆ. ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಇಲ್ಲಿ ಮಂಜು. ನಾನು ತಿಂಡಿಗೆ ಹೊರಟ ಮೇಲೆ, ಎಂಟು ಗಂಟೆ ಇರಬೇಕು, ಮಂಜು ಕೆಳಗಿಳಿದು ಕಣಿವೆಯಲ್ಲಿ ತುಂಬಿಕೊಂಡಿತು. ಅದರ ಮೇಲೆ ಶಿಖರಗಳ ತಲೆ ಮಾತ್ರ. ಬೇಹಾಯ್ ಅಂದರೆ ಉತ್ತರ ಸಮುದ್ರ, ಶಿಹಾಯ್ ಅಂದರೆ ಪಶ್ಚಿಮ ಸಮುದ್ರ. ಸಮುದ್ರವೇ ಇಲ್ಲದ ಕಡೆ ಯಾಕಪ್ಪಾ ಈ ಹೆಸರು ಅಂತ ನಕ್ಕಿದ್ದವನು ಬಾಯಿ ಮುಚ್ಚಿಕೊಂಡೆ. ಕೈಯಲ್ಲಿ ಅವಲಕ್ಕಿ ಡಬ್ಬಿ ಹಾಗೇ ಇತ್ತು.

ಆಮೇಲೆ ಶಿಹಾಯ್ ಕಮರಿಗೆ ಇಳಿದೆ. ಚಳಿಗಾಲದಲ್ಲಿ ಮುಚ್ಚಿರುತ್ತಾರೆ, ನನ್ನ ಅದೃಷ್ಟಕ್ಕೆ ತೆರೆದಿತ್ತು. ಬಂಡೆಯ ಮೈಗೆ ಗೂಡು ಅಂಟಿಸಿದಂತೆ ಕಾಲುದಾರಿ ಕಟ್ಟಿದ್ದಾರೆ. ಕೆಲವು ಕಡೆ ಬಂಡೆಯನ್ನೇ ಕೊರೆದು ಒಳಗಿಂದ ಮೆಟ್ಟಿಲು. ಕಂಬಿ ಹಿಡಿದು ಕೆಳಗೆ ನೋಡಿದರೆ ಹೊಟ್ಟೆಯೊಳಗೆ ಏನೋ ಜಾರುತ್ತದೆ. ಕೆಲಸ ಗೊತ್ತಿದ್ದವನಾಗಿ ಹೇಳುತ್ತೇನೆ, ಇದನ್ನು ಕಟ್ಟಿದವರ ಕೈಗೆ ಬಂಗಾರದ ಬಳೆ ತೊಡಿಸಬೇಕು. ತಳ ಮುಟ್ಟಿದ ಮೇಲೆ ಹತ್ತುವ ಕಷ್ಟ ಇಲ್ಲ. 2013ರಿಂದ ಹಳಿಯ ಮೇಲೆ ಓಡುವ ಒಂದು ಪುಟ್ಟ ರೈಲಿದೆ, ಕಡಿದಾದ ಇಳಿಜಾರಿನಲ್ಲೇ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ.

ಅಲ್ಲಿಂದ ಮುಂದಿನ ಬೆಟ್ಟಕ್ಕೆ ನಡೆಯುವಾಗ ಒಂದು ಕಡೆ ದಾರಿ ಬಿರುಕಿನೊಳಗೇ ನುಗ್ಗುತ್ತದೆ. ಯಿಶಿಯಾನ್‌ಟಿಯಾನ್, ಒಂದು ಗೆರೆ ಆಕಾಶ ಅಂತ ಅದರ ಹೆಸರು. ಎರಡೂ ಭುಜ ಕಲ್ಲಿಗೆ ತಾಗುತ್ತದೆ. ತಲೆಯೆತ್ತಿದರೆ ದಾರದಷ್ಟು ಬೆಳಕು. ನೀರು ಹುಯ್ದು ನೋಡುತ್ತಿದ್ದ ಗೆರೆಯ ಒಳಗೆ ನಾನೇ ನಡೆಯುತ್ತಿದ್ದೆ. ಹಿಂದಿದ್ದವರು ತಳ್ಳಿದ್ದಕ್ಕೆ ಹೊರಗೆ ಬಂದೆ.

ಕಮಲ ಶಿಖರದ ದಾರಿ ಮುಚ್ಚಿತ್ತು. ಅದಕ್ಕೂ ಪಕ್ಕದ ಟಿಯಾಂಡು ಶಿಖರಕ್ಕೂ ಸರದಿಯಂತೆ ವರ್ಷಗಟ್ಟಲೆ ರಜೆ ಕೊಡುತ್ತಾರೆ, ಗಿಡ ಮರ ಚೇತರಿಸಿಕೊಳ್ಳಲಿ ಅಂತ. ನೀನು ಹೋಗುವಾಗ ಯಾವುದು ತೆರೆದಿದೆ ವಿಚಾರಿಸು.

ಈಗ ಬಕೆಟ್ಟಿನ ಕಥೆ. ಯುಪಿಂಗ್‌ನಿಂದ ಇಳಿಯಲು ಕೇಬಲ್ ಕಾರ್ ಇತ್ತು. ಕ್ಯೂ ನೋಡಿ, "ಇಳಿಯೋದು ತಾನೆ, ಅದೇನು ಮಹಾ" ಅಂತ ಮೆಟ್ಟಿಲು ಹಿಡಿದೆ. ಬೆಟ್ಟದಲ್ಲಿ ಒಟ್ಟು 60 ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇವೆಯಂತೆ. ಅರ್ಧ ದಾರಿಗೇ ಮೊಣಕಾಲು ನಡುಗತೊಡಗಿತು. ಕೊನೆಗೆ ಆರು ವರ್ಷದ ಮಗುವೊಂದು ತನ್ನ ಬಿದಿರು ಕೋಲು ನನ್ನ ಕೈಗೆ ಕೊಟ್ಟು ಓಡಿಹೋಯಿತು. 1616ರಲ್ಲಿ ಶೂ ಶಿಯಾಕೆ ಅನ್ನುವ ಯಾತ್ರಿಕ ಈ ಬೆಟ್ಟ ಹತ್ತಿದಾಗ ಕೋಲಿನಿಂದ ಹಿಮದಲ್ಲಿ ಗುಳಿ ತೋಡಿ ಒಂದೊಂದೇ ಹೆಜ್ಜೆ ಇಟ್ಟನಂತೆ. ಎರಡು ವರ್ಷ ಬಿಟ್ಟು ಮತ್ತೆ ಬಂದ. ಅವನ ಮೊಣಕಾಲು ಯಾವ ಕಲ್ಲಿನದ್ದೋ. ನೀನು ಮಾತ್ರ ಇಳಿಯುವಾಗ ಕೇಬಲ್ ಕಾರ್ ಹತ್ತು, ದುಡ್ಡು ನಾನು ಕೊಡುತ್ತೇನೆ.

ಸಮಯ ಇದ್ದರೆ ಹೋಂಗ್‌ಚುನ್ ಹಳ್ಳಿಗೆ ಹೋಗು. ಮನೆಗಳ ಮುಂದೆಲ್ಲ ಹರಿಯುವ ಕಾಲುವೆ, ಬಿಳಿ ಗೋಡೆ, ನಡುವೆ ಅರ್ಧಚಂದ್ರದ ಕೊಳ. ಚಿಯುನ್‌ಶಾನ್ ಅಂತ ಇನ್ನೊಂದು ಗುಡ್ಡ ಇದೆ, ಗ್ರಾನೈಟ್ ಅಲ್ಲ, ಕೆಂಪು ಮರಳುಗಲ್ಲು. ಬಾದಾಮಿ ನೋಡಿದವರಿಗೆ ನೋಡಿದ ಮುಖ ಅನ್ನಿಸುತ್ತದೆ. ನಾಳೆ ಹೋಗಬೇಕು ಅಂತಿದ್ದೆ, ಮೊಣಕಾಲು ಬೇಡ ಅಂತಿದೆ.

ಮೇ ಮೊದಲ ವಾರ, ಅಕ್ಟೋಬರ್ ಮೊದಲ ವಾರ ಅಪ್ಪಿತಪ್ಪಿಯೂ ಬರಬೇಡ, ಇಡೀ ದೇಶಕ್ಕೆ ರಜೆ. ಪಾಸ್‌ಪೋರ್ಟ್ ಇಲ್ಲದೆ ಟಿಕೆಟ್ ಕೊಡುವುದಿಲ್ಲ. ನನಗೆ 190 ಯುವಾನ್ ಆಯಿತು. ಊಟಕ್ಕೆ "ವೋ ಚಿ ಸೂ" ಅನ್ನು, ಸಸ್ಯಾಹಾರಿ ಅಂತ ಅರ್ಥ. ಅಂದರೂ ಮೇಲೆ ಒಂದಿಷ್ಟು ಹಂದಿ ಚೂರು ಉದುರಿಸಿಕೊಟ್ಟಾರು, ನೋಡಿ ತಿನ್ನು. ಬಿಸಿನೀರು ಎಲ್ಲ ಕಡೆ ಪುಕ್ಕಟೆ, ಹಾಗಾಗಿ ಅವಲಕ್ಕಿ ಇದ್ದರೆ ಬದುಕಬಹುದು. ಬೂಷ್ಟು ಬೆಳೆಸಿದ ತೋಫು ಕಾವಲಿ ಮೇಲೆ ಸುಟ್ಟು ಕೊಡುತ್ತಾರೆ, ಬಿಳಿ ಕೂದಲು ಬಂದಿರುತ್ತದೆ. ಕಣ್ಣು ಮುಚ್ಚಿಕೊಂಡು ತಿಂದೆ, ಚೆನ್ನಾಗಿತ್ತು. ಅಮ್ಮನಿಗೆ ಹೇಳಬೇಡ.

ಒಂದು ಕೆಲಸ ಮಾತ್ರ ಮಾಡಿಕೊಡು. ಬೇಹಾಯ್‌ನಲ್ಲಿ ನಾನು ಕೂತಿದ್ದ ಜಾಗದ ಗುರುತು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಕಲ್ಲು ಬೆಂಚಿನ ಎಡಕ್ಕೆ, ಕಂಬಿಯ ಆಚೆ, ಬಂಡೆಯಲ್ಲಿ ಉಗುರು ತೂರುವಷ್ಟು ಬಿರುಕು. ಅದರಲ್ಲಿ ಒಂದು ಪೈನ್ ಸಸಿ ಇದೆ. ಕಂಬಿ ಸಂದಿಯಿಂದ ಕೈ ಹಾಕಿ ಅಳೆದೆ, ಸರಿಯಾಗಿ ಒಂದು ಗೇಣು. ನಿನ್ನ ಗೇಣು ಚಿಕ್ಕದು, ಅದನ್ನು ಲೆಕ್ಕಕ್ಕೆ ಹಿಡಿ. ನೀನು ಹೋಗುವ ಹೊತ್ತಿಗೆ ಎಷ್ಟಾಗಿದೆ ನೋಡಿ ಬರೆ.

ನಿನ್ನ
ಅಪ್ಪ