ಎರಡು ಡಿಸ್ಕ್ ಇದ್ದರೆ ಎರಡು ಪ್ರತಿ ಇದ್ದಂತಲ್ಲ

ಮಾನ್ಯ ಸಂಪಾದಕರೇ,

‘ಮನೆಯಲ್ಲೇ ನಿಮ್ಮ ಸ್ವಂತ ಕ್ಲೌಡ್’ ಎಂದು ಹೇಳಿ ತುಮಕೂರಿನ ಅಂಗಡಿಯೊಂದರಲ್ಲಿ ಮಾರಿದ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯನ್ನು ಎರಡು ವರ್ಷದಿಂದ ಮನೆಯಲ್ಲಿ ಇಟ್ಟುಕೊಂಡು, ಅದರಲ್ಲಿ ಮತ್ತೆ ಸಿಗದಂಥದ್ದನ್ನು ಕಳೆದುಕೊಂಡವಳಾಗಿ ಈ ಪತ್ರ ಬರೆಯುತ್ತಿದ್ದೇನೆ. ಮನೆಯ ಫೋನು, ಕಂಪ್ಯೂಟರುಗಳೆಲ್ಲ ವೈಫೈ ಅಥವಾ ಕೇಬಲ್ ಮೂಲಕ ತಮ್ಮ ಕಡತಗಳನ್ನು ತಂದಿಡುವ, ಬಳಸುವವರು ನಾಸ್ ಎಂದು ಚಿಕ್ಕದಾಗಿ ಕರೆಯುವ ಈ ಪೆಟ್ಟಿಗೆಯನ್ನು ಯಾರೂ ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ; ನಮ್ಮ ಮನೆಯಲ್ಲಿ ಅದು ಇಂದಿಗೂ ಕೆಲಸ ಮಾಡುತ್ತಿದೆ. ಆದರೆ ಒಳಗೆ ಎರಡು ಹಾರ್ಡ್ ಡಿಸ್ಕ್ ಇರುವುದರಿಂದ ನಮ್ಮ ಫೋಟೊ, ದಾಖಲೆಗಳು ಎರಡು ಕಡೆ ಭದ್ರವಾಗಿವೆ ಎಂಬ ನಂಬಿಕೆಯೊಂದು ಕೊಳ್ಳುವವರಲ್ಲೂ ಮಾರುವವರಲ್ಲೂ ಬೇರೂರಿದೆ. ಆ ನಂಬಿಕೆ ತಪ್ಪು ಎಂದು ತಮ್ಮ ಓದುಗರಿಗೆ ತಿಳಿಸಬೇಕೆಂದಿದ್ದೇನೆ.

ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಸಿಗುತ್ತಿದ್ದ ಜಾಗ 2021ರ ಜೂನ್ 1ಕ್ಕೆ ನಿಂತು, ಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ ಎಂದಾದ ಮೇಲೆ ನಮ್ಮಂಥ ಕುಟುಂಬಗಳಿಗೆ ಸ್ಥಳದ ಚಿಂತೆ ಶುರುವಾಯಿತು. ಅಣ್ಣ ಮಧುಗಿರಿಯಲ್ಲಿ, ತಂಗಿ ಗುಬ್ಬಿಯಲ್ಲಿ, ನಾನು ತುಮಕೂರಿನಲ್ಲಿ. ಮೂರು ಮನೆಗಳ ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊಗಳು, ಜಮೀನಿನ ಪಹಣಿ ಮತ್ತು ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ತಾಯಿ ಹಾಡಿದ ಬೀಸುವ ಪದಗಳ 34 ಧ್ವನಿಮುದ್ರಣಗಳು, ಹೀಗೆ ಒಟ್ಟು 1.4 ಟಿಬಿಯಷ್ಟು ಸಾಮಗ್ರಿಯನ್ನು ಒಂದೆಡೆ ಇಡಬೇಕಿತ್ತು. ತಲಾ 4 ಟಿಬಿಯ ಎರಡು ಡಿಸ್ಕ್‌ಗಳನ್ನು ಹಾಕಿಸಿ ಪೆಟ್ಟಿಗೆ ತಂದೆವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆ ಕ್ಷಣವೇ ಬರೆಯಲ್ಪಡುವ ವ್ಯವಸ್ಥೆಯಾದ್ದರಿಂದ ಬಳಸಲು ಸಿಗುವುದು ಒಂದು ಡಿಸ್ಕ್‌ನಷ್ಟೇ ಜಾಗ. ಅದೂ ಪರದೆಯ ಮೇಲೆ 3.6 ಟಿಬಿ ಎಂದು ಕಾಣುತ್ತದೆ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿಯೂ ಕಂಪ್ಯೂಟರ್ 1,024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಬರುವ ವ್ಯತ್ಯಾಸ ಇದು, ಅಂಗಡಿಯವರು ಮಾಡಿದ ಮೋಸವಲ್ಲ.

ಮೊದಲ ದಿನವೇ ಒಂದು ತೊಡಕು ಎದುರಾಯಿತು. ಹಳೆಯ ಡಿಸ್ಕ್‌ನಿಂದ ಎಲ್ಲವನ್ನೂ ನಕಲು ಮಾಡಲು ಇಟ್ಟರೆ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ಆ ವೇಗದಲ್ಲಿ ಮುಗಿಯಲು ಸುಮಾರು ಒಂದೂವರೆ ದಿನ ಬೇಕು. ಪೆಟ್ಟಿಗೆಯನ್ನೂ ರೌಟರನ್ನೂ ಅನುಮಾನಿಸಿದ್ದಾಯಿತು. ಕೊನೆಗೆ ಅಣ್ಣನ ಮಗ ಗೋಡೆಯ ಬದಿಯಲ್ಲಿ ಹಾಯ್ದುಬಂದಿದ್ದ ಲ್ಯಾನ್ ಕೇಬಲ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಾಗ, ಎಂಟು ತಂತಿಗಳಲ್ಲಿ ನಾಲ್ಕನ್ನು ಮಾತ್ರ ಜೋಡಿಸಿ ಉಳಿದ ನಾಲ್ಕನ್ನು ಕತ್ತರಿಸಿಬಿಟ್ಟಿರುವುದು ಕಂಡಿತು. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿಗಳು ಬೇಕು. ತುದಿಯನ್ನು ಹೊಸದಾಗಿ ಕಟ್ಟಿಸಿದ ಮೇಲೆ ಅದೇ ಕೆಲಸ ನಾಲ್ಕು ಗಂಟೆಯೊಳಗೆ ಮುಗಿಯಿತು.

ನಿಜವಾದ ಪೆಟ್ಟು ಬಿದ್ದದ್ದು ಗೌರಿ ಹಬ್ಬದ ದಿನ. ತಂಗಿಯ ಫೋನಿನಲ್ಲಿ ಜಾಗ ಸಾಲದೆ, ಹೇಗೂ ಅಕ್ಕನ ಮನೆಯ ಪೆಟ್ಟಿಗೆಯಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ ಅವಳು ತಾಯಿಯ ಪದಗಳ ಫೋಲ್ಡರನ್ನು ಅಳಿಸಿದ್ದಳು. ಹಬ್ಬಕ್ಕೆ ಬಂದಾಗ ಅವಳ ಫೋನ್ ನಮ್ಮ ವೈಫೈಗೆ ಸೇರಿತು. ಫೋನ್ ಮತ್ತು ಪೆಟ್ಟಿಗೆಯ ನಡುವೆ ಎರಡೂ ದಿಕ್ಕಿನಲ್ಲಿ ಹೊಂದಾಣಿಕೆಯಾಗುವಂತೆ ಸಿಂಕ್ ಇಡಲಾಗಿತ್ತಾದ್ದರಿಂದ, ಫೋನಿನಲ್ಲಿ ಅಳಿಸಿದ್ದನ್ನು ಪೆಟ್ಟಿಗೆಯೂ ಅಳಿಸಿತು. ಒಂದು ಡಿಸ್ಕ್‌ನಲ್ಲಿ ಅಳಿದದ್ದು ಎರಡನೆಯದರಲ್ಲೂ ಅಳಿಯಿತು. ಯಾವ ಎಚ್ಚರಿಕೆಯ ಸದ್ದೂ ಬರಲಿಲ್ಲ, ಎರಡು ಹಸಿರು ದೀಪಗಳು ಎಂದಿನಂತೆ ಉರಿಯುತ್ತಿದ್ದವು. ನಾಲ್ಕು ದಿನ ಬಿಟ್ಟು ನಮಗೆ ಗೊತ್ತಾಗುವ ಹೊತ್ತಿಗೆ ಹಬ್ಬದ ಫೋಟೊಗಳೆಲ್ಲ ಅದೇ ಪೆಟ್ಟಿಗೆಗೆ ತುಂಬಿ, ಅಳಿದ ಜಾಗದ ಮೇಲೆ ಹೊಸದು ಬರೆದಾಗಿತ್ತು. ಮಧುಗಿರಿಯಲ್ಲಿ ಅಣ್ಣನ ಬೀರುವಿನಲ್ಲಿ ಮರೆತುಹೋಗಿದ್ದ ಹಳೆಯ ಯುಎಸ್‌ಬಿ ಡಿಸ್ಕ್‌ನಿಂದ 31 ಪದಗಳು ಮರಳಿ ದೊರೆತವು. ತಾಯಿ ತೀರಿಕೊಳ್ಳುವ ಮುಂಚಿನ ತಿಂಗಳಲ್ಲಿ ಹಾಡಿದ ಮೂರು ದೊರೆಯಲೇ ಇಲ್ಲ. ಅವುಗಳಲ್ಲಿ ಒಂದರ ನಡುವೆ ಹಾಡು ನಿಲ್ಲಿಸಿ, ‘ಇದರಾಗೆ ಬೀಳ್ತಾ ಐತೇನವ್ವಾ?’ ಎಂದು ಅವರು ನನ್ನನ್ನು ಕೇಳಿದ್ದರು.

ಪೆಟ್ಟಿಗೆ ಕೆಟ್ಟಿರಲಿಲ್ಲ, ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿತ್ತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ರೇಡ್ ಎಂದು ಕರೆಯುವ ಈ ಜೋಡಣೆಯನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದರು. ಕನ್ನಡಿಯಂತೆ ಒಂದರ ಪ್ರತಿಬಿಂಬವನ್ನು ಇನ್ನೊಂದು ಹಿಡಿಯುವುದು ಅದರ ಮೊದಲ ಮಟ್ಟ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲದಿರಲಿ, ಹೊಸ ಡಿಸ್ಕ್ ಹಾಕಿದಾಗ ಉಳಿದದ್ದರಿಂದ ಅದು ತುಂಬಿಕೊಳ್ಳಲಿ ಎಂಬುದಕ್ಕಾಗಿ ಈ ಏರ್ಪಾಡು. ಆದರೆ ಕನ್ನಡಿಯ ಮುಂದೆ ನಿಂತವರು ಎದ್ದುಹೋದರೆ ಬಿಂಬವೂ ಹೋಗುತ್ತದೆ. ಕೈತಪ್ಪಿ ಅಳಿಸಿದ್ದು, ವೈರಸ್ ಕೆಡಿಸಿದ್ದು, ಕಳ್ಳರು ಪೆಟ್ಟಿಗೆಯನ್ನೇ ಹೊತ್ತೊಯ್ದದ್ದು, ಇವು ಯಾವುದರಿಂದಲೂ ಎರಡನೆಯ ಡಿಸ್ಕ್ ಕಾಪಾಡಲಾರದು. ಅದಕ್ಕೆ ಬೇಕಾದದ್ದು ಪೆಟ್ಟಿಗೆಯಿಂದ ಬಿಚ್ಚಿ ದೂರ ಇಟ್ಟ ಇನ್ನೊಂದು ಪ್ರತಿ. ಜೊತೆಗೆ, ನಿನ್ನೆಯ ಸ್ಥಿತಿಯನ್ನು ಹಾಗೆಯೇ ಹಿಡಿದಿಡುವ ಸ್ನ್ಯಾಪ್‌ಶಾಟ್ ಎಂಬ ಅನುಕೂಲ ಅನೇಕ ಪೆಟ್ಟಿಗೆಗಳಲ್ಲಿ ಇದೆ. ಹಲವು ಪೆಟ್ಟಿಗೆಗಳಲ್ಲಿ ಇದು ಬೇಕಾದರೆ ಮೊದಲ ದಿನವೇ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್‌ನಂತಹ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮ) ಆರಿಸಿಕೊಂಡಿರಬೇಕು. ನಮಗೆ ಅಳವಡಿಸಿಕೊಟ್ಟ ಹುಡುಗ ಬೇರೊಂದನ್ನು ಆರಿಸಿದ್ದ, ಅಳಿಸಿದ್ದನ್ನು ಕೆಲಕಾಲ ಉಳಿಸಿಡುವ ರಿಸೈಕಲ್ ಬಿನ್ನನ್ನೂ ಚಾಲೂ ಮಾಡಿರಲಿಲ್ಲ. ಆಮೇಲೆ ಬದಲಾಯಿಸಲು ಎಲ್ಲವನ್ನೂ ಹೊರತೆಗೆದು, ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಬೇಕಾಯಿತು. ಪರದೆಯ ಮೇಲಿನ ಮಾತೆಲ್ಲ ಇಂಗ್ಲಿಷಿನಲ್ಲಿರುವಾಗ, ಮೊದಲ ದಿನದ ಆ ಒಂದು ಆಯ್ಕೆಯ ತೂಕ ಎಷ್ಟೆಂದು ಮನೆಯವರಿಗೆ ತಿಳಿಯುವುದಾದರೂ ಹೇಗೆ?

ಹೊರಗಿನಿಂದ ಬರುವ ಅಪಾಯವೂ ಸಣ್ಣದಲ್ಲ. ವೆಸ್ಟರ್ನ್ ಡಿಜಿಟಲ್ ಕಂಪನಿ 2015ರ ಹೊತ್ತಿಗೆ ಬೆಂಬಲ ನಿಲ್ಲಿಸಿದ್ದ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದ ಅನೇಕರು, 2021ರ ಜೂನ್‌ನಲ್ಲಿ ಬೆಳಗ್ಗೆ ಎದ್ದು ನೋಡಿದಾಗ ಎಲ್ಲವೂ ಅಳಿಸಿಹೋಗಿತ್ತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದಾಳಿ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಒಂದೊಂದು ಪೆಟ್ಟಿಗೆಗೆ 0.03 ಬಿಟ್‌ಕಾಯಿನ್ ಕೇಳಿತು. ಎರಡು ಪ್ರಕರಣಗಳಲ್ಲೂ ಪೆಟ್ಟುತಿಂದವು ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಟ್ಟ ಪೆಟ್ಟಿಗೆಗಳು. ಊರಿನಿಂದಾಚೆ ಇದ್ದಾಗಲೂ ಫೋಟೊ ನೋಡಬೇಕೆಂಬ ಆಸೆಗೆ ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆಯಿಸಿಕೊಳ್ಳುವವರು ಅದರ ಬದಲು ಮನೆಯವರಿಗಷ್ಟೇ ತೆರೆಯುವ ಗುಪ್ತ ದಾರಿಯಾದ ವಿಪಿಎನ್ ಹಾಕಿಸಿಕೊಳ್ಳಬೇಕು. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಅಂದೇ ಬದಲಾಯಿಸಬೇಕು.

ಕರೆಂಟಿನ ವಿಷಯ ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತಗಳು ಅರ್ಧಕ್ಕೆ ಮುರಿಯಬಹುದು. ಮನೆಯಲ್ಲಿ ಇನ್ವರ್ಟರ್ ಇದೆ ಎಂದುಕೊಂಡು ಸುಮ್ಮನಿರುವವರು ಅದರ ಸ್ವಿಚ್ಚು ಯುಪಿಎಸ್ ಸ್ಥಾನದಲ್ಲಿದೆಯೇ ಎಂದು ನೋಡಿಕೊಳ್ಳಲಿ. ಸಾಮಾನ್ಯ ಸ್ಥಾನದಲ್ಲಿ ಬ್ಯಾಟರಿಗೆ ಹೊರಳುವ ಆ ಚಿಕ್ಕ ಅಂತರದಲ್ಲೇ ಪೆಟ್ಟಿಗೆ ಆರಿ ಹೊತ್ತಿಕೊಳ್ಳಬಹುದು. ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆಗೆ ತಾನಾಗಿಯೇ ಮುಚ್ಚಿಕೊಳ್ಳಲು ಹೇಳುವ ಪುಟ್ಟ ಯುಪಿಎಸ್ ಇನ್ನೂ ಉತ್ತಮ. ಇಪ್ಪತ್ತು ವ್ಯಾಟ್‌ನಂತೆ ಹಗಲಿರುಳು ಉರಿದರೆ ತಿಂಗಳಿಗೆ 14 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಉಚಿತ ಯೂನಿಟ್‌ಗಳು ಅವರವರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿರುವುದರಿಂದ, ಕೆಲವರ ಬೆಸ್ಕಾಂ ಬಿಲ್ಲಿನಲ್ಲಿ ಇದು ಎದ್ದು ಕಾಣಬಹುದು.

ಈಗ ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಪೆಟ್ಟಿಗೆಯಿಂದ ಯುಎಸ್‌ಬಿ ಡಿಸ್ಕ್‌ಗೆ ನಕಲು ತೆಗೆದು, ಆ ಡಿಸ್ಕನ್ನು ಬಿಚ್ಚಿಡುತ್ತೇವೆ. ಅಂಥವು ಎರಡಿವೆ: ಒಂದು ನನ್ನ ಬೀರುವಿನಲ್ಲಿ, ಮತ್ತೊಂದು ಮಧುಗಿರಿಯಲ್ಲಿ. ಅಣ್ಣ ಬಂದಾಗಲೆಲ್ಲ ಅದಲುಬದಲಾಗುತ್ತವೆ. ಫೋನುಗಳಿಂದ ಪೆಟ್ಟಿಗೆಗೆ ಹೋಗುವುದು ಈಗ ಒಂದೇ ದಿಕ್ಕಿನ ಬ್ಯಾಕಪ್, ಫೋನಿನಲ್ಲಿ ಅಳಿಸಿದರೆ ಪೆಟ್ಟಿಗೆಯಲ್ಲಿ ಅಳಿಯುವುದಿಲ್ಲ.

ತಮ್ಮ ಪತ್ರಿಕೆಯ ತಂತ್ರಜ್ಞಾನ ಅಂಕಣದಲ್ಲಿ ಈ ಪೆಟ್ಟಿಗೆಗಳ ಅಳವಡಿಕೆಯನ್ನು ಚಿತ್ರಸಹಿತ ಕನ್ನಡದಲ್ಲಿ ವಿವರಿಸಬೇಕೆಂದು ಕೋರುತ್ತೇನೆ. ಮಾರುವವರಲ್ಲಿಯೂ ನನ್ನದೊಂದು ವಿನಂತಿಯಿದೆ. ಪೆಟ್ಟಿಗೆಯನ್ನು ಮನೆಗೆ ತಂದು ಜೋಡಿಸಿದ ದಿನ, ಹಣ ಎಣಿಸಿಕೊಳ್ಳುವ ಮೊದಲು, ಗ್ರಾಹಕರ ಕಣ್ಣೆದುರಿಗೆ ಒಂದು ಫೋಟೊವನ್ನು ಅಳಿಸಿ, ಅದನ್ನು ಮರಳಿ ತಂದು ತೋರಿಸಿ. ಹತ್ತು ನಿಮಿಷದ ಕೆಲಸ ಅದು. ಮರಳಿ ತರಲು ಆಗದಿದ್ದರೆ ಬ್ಯಾಕಪ್ ಇನ್ನೂ ಆಗಿಲ್ಲ ಎಂದು ಬಿಲ್ಲಿನ ಮೇಲೆಯೇ ಬರೆದುಕೊಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಕುವೆಂಪುನಗರ, ತುಮಕೂರು