ಕಾಗದದ ಮೇಲೆ ಬರೆದ ಪ್ರೋಗ್ರಾಂ ಓಡುವುದಿಲ್ಲ

ಮಾನ್ಯ ಸಂಪಾದಕರೇ,

ನಾನು ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತ. ಪಿಯುಸಿ ಮುಗಿಸಿ, ಟ್ಯಾಲಿ ಕಲಿತು, ಹನ್ನೊಂದು ವರ್ಷದಿಂದ ಕಾಟಾ ಚೀಟಿ (ಲಾರಿ ತೂಕದ ಚೀಟಿ), ಬಿಲ್ಲು, ಹಮಾಲರ ಲೆಕ್ಕ ಅಂತ ಕಂಪ್ಯೂಟರ್ ಮುಂದೆಯೇ ಕೂತಿದ್ದೇನೆ. ಮಿಲ್ಲಿನ ಸಾಫ್ಟ್‌ವೇರ್ ಕೈಕೊಟ್ಟಾಗ ಬೆಂಗಳೂರಿನ ಹುಡುಗನೊಬ್ಬ ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಲ್ಲಿ ಒಳಗೆ ಬರುತ್ತಾನೆ. ನನ್ನ ಮೌಸು ತನ್ನಷ್ಟಕ್ಕೆ ಪರದೆ ತುಂಬ ಓಡಾಡುತ್ತದೆ, ನಾನು ಕೈಕಟ್ಟಿ ನೋಡುತ್ತ ಕೂಡಬೇಕು. ಅವನು ಮಾಡಿದ್ದೇನು ಅಂತ ನನಗೂ ತಿಳಿಯಲಿ ಎಂದು ದೂರಶಿಕ್ಷಣದಲ್ಲಿ ಬಿಸಿಎ, ಅಂದರೆ ಕಂಪ್ಯೂಟರ್ ಪದವಿ, ಓದುವ ಮನಸ್ಸು ಮಾಡಿದೆ.

ಅದು 2024ರ ಆಗಸ್ಟ್. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದ ಹೊತ್ತು. ‘ನೀರ ಹೋದ್ರ ಭತ್ತ ಎಲ್ಲಿಂದ ಬರ್ತದೋ ತಮ್ಮಾ, ಖಾಲಿ ಕೂಡೂ ಬದ್ಲಿ ಓದ್ಕೊ’ ಅಂದರು ಸಾವ್ಕಾರರು. ವಾರದೊಳಗೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿ ನೀರು ತಡೆದರು. ಊರಿಗೆಲ್ಲ ಖುಷಿ, ನನಗೂ ಖುಷಿಯೇ. ಆದರೆ ಭತ್ತ ಬಂತು, ನನ್ನ ಬಿಡುವು ಹೋಯಿತು. ಸುಗ್ಗಿ ಬರುವುದೂ ನಮ್ಮ ಪರೀಕ್ಷೆ ಬರುವುದೂ ಡಿಸೆಂಬರ್‌ನಲ್ಲೇ.

ಓದು ಕಷ್ಟ ಅಂತ ನಾನು ಈ ಪತ್ರ ಬರೆಯುತ್ತಿಲ್ಲ. ಅಂಚೆಯಲ್ಲಿ ಬಂದ ಪುಸ್ತಕಗಳು ನಿಜಕ್ಕೂ ಚೆನ್ನಾಗಿವೆ. ಡೇಟಾಬೇಸ್ ಪಾಠದಲ್ಲಿ, ಒಬ್ಬೊಬ್ಬರಿಗೂ ಬೇರೆಬೇರೆ ಗುರುತು ಕೊಡುವ ಪ್ರೈಮರಿ ಕೀ ಬಗ್ಗೆ ಓದಿದ ರಾತ್ರಿಯೇ, ನಮ್ಮ ಖಾತೆಯಲ್ಲಿ ಒಬ್ಬನೇ ರೈತ ಮೂರು ಥರದ ಸ್ಪೆಲ್ಲಿಂಗ್‌ನಲ್ಲಿ ಮೂರು ಜನ ಆಗಿರುವುದು ಯಾಕೆ ಅಂತ ಹೊಳೆಯಿತು. ನನ್ನ ತಕರಾರು ಲ್ಯಾಬಿನದು.

ಒಂದು ಉದಾಹರಣೆ ಹೇಳುತ್ತೇನೆ. ಸಿ ಭಾಷೆಯ ಅಸೈನ್‌ಮೆಂಟನ್ನು ಕೈಯಲ್ಲಿ ಬರೆದು ಕಳಿಸಬೇಕು. ನಾನು ನಮ್ಮ ಕಾಟಾದ ಲೆಕ್ಕವನ್ನೇ ಪ್ರೋಗ್ರಾಂ ಮಾಡಿದೆ. ಭತ್ತ ತುಂಬಿದ ಲಾರಿಯ ತೂಕ 16,420 ಕಿಲೋ, ಖಾಲಿ ಲಾರಿ 6,150, ಉಳಿದದ್ದು 10,270. ನಮ್ಮ ಕಡೆ ಭತ್ತದ ದರ 75 ಕಿಲೋ ಚೀಲಕ್ಕೆ. ಆದ್ದರಿಂದ ಕಿಲೋವನ್ನು 75ರಿಂದ ಭಾಗಿಸು, ಉತ್ತರವನ್ನು ಫ್ಲೋಟ್‌ನಲ್ಲಿ, ಅಂದರೆ ದಶಾಂಶ ಹಿಡಿಯುವ ಜಾಗದಲ್ಲಿ, ಇಡು ಎಂದು ಬರೆದೆ. ಪುಟದ ತುಂಬ ಕೆಂಪು ರೈಟ್ ಮಾರ್ಕು ಬಿದ್ದು, ಒಳ್ಳೇ ಅಂಕವೇ ಬಂತು.

ಎಷ್ಟೋ ದಿನದ ಮೇಲೆ ಅದನ್ನೇ ಪ್ರೋಗ್ರಾಂ ಓಡಿಸಿ ತೋರಿಸುವ ಮೊಬೈಲಿನ ಕಂಪೈಲರ್ ಆ್ಯಪ್‌ನಲ್ಲಿ ಒತ್ತಿ ನೋಡಿದೆ. 136.000000 ಅಂತು. ಮಿಲ್ಲಿನ ಕ್ಯಾಲ್ಕುಲೇಟರ್ ತೆಗೆದು ನೋಡಿದರೆ 136.93! ಹೆಚ್ಚುಕಡಿಮೆ ಒಂದು ಚೀಲ, ಸರಿಯಾಗಿ 70 ಕಿಲೋ ಭತ್ತ, ಮಾಯ. ಕಿಲೋವನ್ನೂ 75ನ್ನೂ ಪೂರ್ಣಾಂಕವಾಗಿ ಕೊಟ್ಟರೆ ಸಿ ಭಾಷೆ ಮೊದಲು ದಶಾಂಶ ಕತ್ತರಿಸಿ ಆಮೇಲೆ ಫ್ಲೋಟ್‌ಗೆ ಹಾಕುತ್ತದಂತೆ. 75ರ ಬದಲು 75.0 ಅಂತ ಬರೆದಿದ್ದರೆ ಸಾಕಿತ್ತು. ಒಂದು ಚುಕ್ಕೆ, ಒಂದು ಸೊನ್ನೆ. ನಮ್ಮ ಕಾಟಾದಲ್ಲಿ ಹೀಗೆ 70 ಕಿಲೋ ನುಂಗಿದ್ದರೆ ರೈತ ಚೀಟಿ ಹರಿದು ಮುಖಕ್ಕೆ ಎಸೆಯುತ್ತಿದ್ದ. ತಿದ್ದಿದವರನ್ನೂ ನಾನು ದೂರುವುದಿಲ್ಲ. ರಾಶಿ ಬಂಡಲ್ ಎದುರಿಗಿಟ್ಟುಕೊಂಡು ಕಣ್ಣಲ್ಲೇ ಯಾರಿಗೆ ಪ್ರೋಗ್ರಾಂ ಓಡಿಸಲು ಆಗುತ್ತದೆ?

ಇನ್ನು ಪ್ರಾಯೋಗಿಕ ತರಗತಿ. ನನ್ನ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ, ಲ್ಯಾಬ್ ಇರುವುದು ಹುಬ್ಬಳ್ಳಿಯಲ್ಲಿ. ವರ್ಷಕ್ಕೊಮ್ಮೆ ಆರು ದಿನ. ಕೊಪ್ಪಳ, ಗದಗ ದಾಟಿ ಹೋಗಿ, ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಇದ್ದು, ಆರು ದಿನದ ಪಗಾರ ಬಿಟ್ಟು ಕೂತರೆ ಒಂದು ಸಿಸ್ಟಂಗೆ ಮೂವರು. ಕೀಬೋರ್ಡ್ ಮುಂದೆ ಕೂತವನು ಟೈಪ್ ಮಾಡುತ್ತಾನೆ, ಪಕ್ಕದವನು ಪುಸ್ತಕ ಹಿಡಿಯುತ್ತಾನೆ, ಮೂರನೆಯವನಾದ ನಾನು ಹಿಂದೆ ನಿಂತು ಇಣುಕುತ್ತೇನೆ. ನಾಲ್ಕನೇ ದಿನ ಮಧ್ಯಾಹ್ನ ಕರೆಂಟು ಹೋಯಿತು, ಯುಪಿಎಸ್ ಕೀಂಯ್ ಅಂದು ಸುಮ್ಮನಾಯಿತು. ‘ರೆಕಾರ್ಡ್ ಬರದೀರಿ ಅಲ? ಸೈನ್ ಹಾಕಿಸ್ಕೊಂಡು ಹೊಂಡ್ರಿ’ ಅಂದರು ಮೇಷ್ಟ್ರು. ಎಲ್ಲರೂ ಸಂತೋಷದಿಂದಲೇ ಹೊರಟೆವು, ಸುಳ್ಳು ಯಾಕೆ ಹೇಳಲಿ. ಕಾರಟಗಿ ಕಡೆಯಿಂದ ನಮ್ಮ ಜೊತೆ ಲ್ಯಾಬಿಗೆ ಬಂದಿದ್ದ ಹೆಣ್ಣುಮಗಳೊಬ್ಬಳ ಗಂಡ ಆ ನಾಲ್ಕೂ ದಿನ ಕೂಸನ್ನು ಹೆಗಲಿಗೆ ಹಾಕಿಕೊಂಡು ಕಾರಿಡಾರಿನಲ್ಲೇ ತಿರುಗುತ್ತಿದ್ದ. ಐದನೇ ದಿನ ಕೂಸಿಗೆ ಜ್ವರ ಬಂದು ಅವರು ಊರಿಗೆ ಹೋದರು. ಹಾಜರಾತಿ ಸಾಲದೆ ಆಕೆಯ ಲ್ಯಾಬ್ ಮತ್ತೊಂದು ವರ್ಷ ಮುಂದಕ್ಕೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿ ಪ್ರಕಾರ ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಆದರೂ ‘ದೂರಶಿಕ್ಷಣದ್ದಾ?’ ಅಂತ ಕೇಳುವವರ ಮುಖ ನೋಡಬೇಕು. ಹಾಗೆ ಕೇಳುವವರದ್ದೂ ಪೂರಾ ತಪ್ಪಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳನ್ನು ಹಿಡಿದು ಝಾಡಿಸಿತು. ಅನುಮತಿ ಇಲ್ಲದೆ ನಡೆಸಿದ್ದಕ್ಕೆ ಅದು, ಜೊತೆಗೆ ಇಂಥ ಓದಿಗೆ ಪ್ರಾಯೋಗಿಕವೇ ಬೆನ್ನೆಲುಬು ಅಂತಲೂ ಹೇಳಿತು. ಎಂಜಿನಿಯರಿಂಗ್‌ಗೆ ದೂರಶಿಕ್ಷಣದ ಬಾಗಿಲು ಮುಚ್ಚಿದೆ, ಬಿಸಿಎಗೆ ತೆರೆದಿದೆ. ತೆರೆದಿಟ್ಟ ಮೇಲೆ ಒಳಗೆ ಕಂಪ್ಯೂಟರೂ ಇರಬೇಕಲ್ಲ?

ಮನೆಯಲ್ಲೇ ಲ್ಯಾಪ್‌ಟಾಪ್ ಕೊಂಡು ಕಲಿಯಬಾರದೇ ಎನ್ನುವವರಿದ್ದಾರೆ. ನನ್ನ ಪಗಾರದಲ್ಲಿ ಮಗಳ ಶಾಲೆ ಫೀಜು ಮೊದಲು. ಮಿಲ್ಲಿನ ಕಂಪ್ಯೂಟರಿನಲ್ಲಿ ಬೇರೇನೂ ಹಾಕಕೂಡದು ಅಂತ ಸಾವ್ಕಾರರ ಕಟ್ಟಪ್ಪಣೆ. ಅದೂ ಸರಿಯೇ, ವೈರಸ್ ಬಂದರೆ ಹೋಗುವುದು ಅವರ ಲೆಕ್ಕ. ಇನ್ನು ಲ್ಯಾಪ್‌ಟಾಪ್ ಇದ್ದರೂ, ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವವರು ಒಬ್ಬರು ಬೇಕು. 75.0ರ ಗುಟ್ಟು ಹಿಡಿಯಲು ನನಗೆ ಮೂರು ರಾತ್ರಿ ಹಿಡಿಯಿತು. ಲ್ಯಾಬಿನಲ್ಲಿ ಮೇಷ್ಟ್ರೊಬ್ಬರು ಇದ್ದಿದ್ದರೆ ಮೂರು ನಿಮಿಷದ ಮಾತು.

ನಮ್ಮ ತಾಲ್ಲೂಕು ಊರುಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳಿವೆ, ಬಿಸಿಎ ಇರುವ ಕಡೆ ಕಂಪ್ಯೂಟರ್ ಲ್ಯಾಬ್‌ಗಳೂ ಇವೆ. ಭಾನುವಾರ ಅವು ಬೀಗ ಹಾಕಿಕೊಂಡು ಮಲಗಿರುತ್ತವೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕುಷ್ಟಗಿ, ಇಷ್ಟು ಕಡೆಯಾದರೂ ಭಾನುವಾರ ನಾಲ್ಕು ತಾಸು ಲ್ಯಾಬ್ ತೆರೆದು ಒಬ್ಬ ಅತಿಥಿ ಉಪನ್ಯಾಸಕರನ್ನು ಕೂಡಿಸಿದರೆ ಸಾಕು, ಯಾವ ವಿಶ್ವವಿದ್ಯಾಲಯದ ದೂರಶಿಕ್ಷಣದವರೇ ಬರಲಿ. ಗುರುತಿನ ಚೀಟಿ ನೋಡಿ ಒಳಗೆ ಬಿಡಿ, ಬೇಕಾದರೆ ತಾಸಿಗೆ ಇಷ್ಟು ಅಂತ ಫೀಜು ತೆಗೆದುಕೊಳ್ಳಿ. ಉಪನ್ಯಾಸಕರ ಗೌರವಧನ ಕೊಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಂವಿಧಾನದ 371 (ಜೆ) ವಿಧಿ ಬಂದದ್ದೇ ಈ ಭಾಗದ ಓದು, ನೌಕರಿಗೆ ಅಂತಲ್ಲವೇ? ಆ ನಾಲ್ಕು ತಾಸಿನ ಹಾಜರಾತಿಯನ್ನೇ ವಿಶ್ವವಿದ್ಯಾಲಯಗಳು ಲ್ಯಾಬ್ ಹಾಜರಾತಿ ಅಂತ ಒಪ್ಪಿದರೆ ಹುಬ್ಬಳ್ಳಿಯ ಲಾಡ್ಜೂ ತಪ್ಪುತ್ತದೆ.

ಉನ್ನತ ಶಿಕ್ಷಣ ಇಲಾಖೆಯವರು ಇದನ್ನು ಸುಗ್ಗಿಗೆ ಮುಂಚೆ ಯೋಚಿಸಿದರೆ ಉಪಕಾರ. ಮುಂದಿನ ಲ್ಯಾಬ್ ಮತ್ತೆ ಡಿಸೆಂಬರ್‌ನಲ್ಲೇ ಇದೆ. ಆ ಆರು ದಿನ ಕಾಟಾ ಚೀಟಿ ಯಾರು ಬರೀತಾರೆ ಅಂತ ಕೇಳಿದರೆ ಸಾವ್ಕಾರರು ಇನ್ನೂ ಏನೂ ಹೇಳಿಲ್ಲ.

– ಅಕ್ಕಿ ಮಿಲ್ಲಿನ ಗುಮಾಸ್ತ, ಗಂಗಾವತಿ, ಕೊಪ್ಪಳ ಜಿಲ್ಲೆ